ಹೆಂಡತಿಯ ತವರಿನಲ್ಲಿ 60 ಉಬಿನ್: ಜಾವಾದ ಹಳ್ಳಿಯ ಕಾಗದ, ಮನೆ, ದಾರಿ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಹೆಂಡತಿಯ ತವರು ಇಂಡೊನೇಷ್ಯಾದ ಮಧ್ಯ ಜಾವಾ, ಕೆಬುಮೆನ್ ಜಿಲ್ಲೆಯ ಒಂದು ಹಳ್ಳಿ. 2021ರಲ್ಲಿ ಸಿಂಗಪುರದಲ್ಲಿ ಮದುವೆಯಾದೆವು, ಆಸ್ತಿಯ ಬಗ್ಗೆ ಒಪ್ಪಂದ ಏನೂ ಮಾಡಿಕೊಂಡಿಲ್ಲ. ಅತ್ತೆಯವರು ಮನೆ ಪಕ್ಕದ 60 ಉಬಿನ್ ಹಿತ್ತಲನ್ನು ಮಗಳಿಗೆ ಕೊಡುತ್ತೇನೆ ಎನ್ನುತ್ತಾರೆ. ಅದರ ಕಾಗದ ಇನ್ನೂ ತೀರಿಹೋದ ಅಜ್ಜನ ಹೆಸರಿನ 'ಲೆಟರ್ ಸಿ'. ನೆರೆಯವರೊಬ್ಬರು 100 ಉಬಿನ್ ಗದ್ದೆಯನ್ನೂ ಮಾರುತ್ತಿದ್ದಾರೆ. ನನ್ನ ಹೆಸರನ್ನೂ ಸೇರಿಸಬಹುದೇ? ಮನೆ ಕಟ್ಟುವ ಮೊದಲು ಏನೇನು ನೋಡಬೇಕು? ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಒಂದೆರಡು ತಿಂಗಳು ಇದ್ದು ಬರುವ ಯೋಚನೆಯೂ ಇದೆ.

ಉತ್ತರ: ನಿಮ್ಮ ಹೆಸರು ಸೇರಿಸಲು ಬರುವುದಿಲ್ಲ. ಗದ್ದೆಯ ಆಸೆ ಬಿಡಿ. ಹಿತ್ತಲನ್ನು ದುಡ್ಡು ಕೊಟ್ಟು ಕೊಳ್ಳುವ ಬದಲು ಅತ್ತೆಯವರಿಂದ ನಿಮ್ಮ ಹೆಂಡತಿಗೆ ದಾನಪತ್ರ ಮಾಡಿಸಿಕೊಳ್ಳಿ. ಆದರೆ ಅದಕ್ಕೂ ಮೊದಲು ಅಜ್ಜನ ಕಾಗದ ಇತ್ಯರ್ಥವಾಗಬೇಕು, ನಿಮ್ಮ ವಿಷಯದಲ್ಲಿ ನಿಜವಾದ ಕೆಲಸ ಇರುವುದೇ ಅಲ್ಲಿ.

ಮೊದಲು ಅಳತೆ. ಕೆಬುಮೆನ್, ಬಾಂಜುಮಾಸ್ ಕಡೆ ಒಂದು ಉಬಿನ್ ಎಂದರೆ ಸುಮಾರು 14 ಚದರ ಮೀಟರ್. ನಮ್ಮ ಒಂದು ಗುಂಟೆಗೆ ಏಳು ಉಬಿನ್ ಎಂದು ಲೆಕ್ಕ ಹಿಡಿದರೆ ಸಾಕು. ನಿಮ್ಮ 60 ಉಬಿನ್ ಸುಮಾರು 840 ಚದರ ಮೀಟರ್, ಅಂದರೆ ಎಂಟೂಕಾಲು ಗುಂಟೆ. ಗದ್ದೆ 1,400 ಚದರ ಮೀಟರ್, ಹದಿನಾಲ್ಕು ಗುಂಟೆಗೆ ಸ್ವಲ್ಪ ಕಡಿಮೆ. 500 ಉಬಿನ್ ಸೇರಿದರೆ ಒಂದು 'ಬಾವು', ಸುಮಾರು ಏಳು ಸಾವಿರ ಚದರ ಮೀಟರ್. ಕಾಗದಕ್ಕೆ ಬರುವುದು ಮೀಟರ್ ಲೆಕ್ಕ ಮಾತ್ರ. ಬಾಯಿಮಾತಿನ ಉಬಿನ್‌ಗೂ ಸರ್ವೆಯವರ ಮೀಟರಿಗೂ ಹತ್ತಿಪ್ಪತ್ತು ಮೀಟರ್ ವ್ಯತ್ಯಾಸ ಬರುವುದು ಮಾಮೂಲಿ, ಗಾಬರಿಯಾಗಬೇಡಿ.

ಇಂಡೊನೇಷ್ಯಾದಲ್ಲಿ ಭೂಮಿಯ ಪೂರ್ಣ ಒಡೆತನಕ್ಕೆ 'ಹಕ್ ಮಿಲಿಕ್' ಎನ್ನುತ್ತಾರೆ. 1960ರ 5ನೇ ನಂಬರಿನ ಭೂ ಕಾಯ್ದೆಯ ಪ್ರಕಾರ ಅದು ಆ ದೇಶದ ಪ್ರಜೆಗಳಿಗೆ ಮಾತ್ರ. ಇನ್ನೊಬ್ಬರ ಹೆಸರು ಎರವಲು ಪಡೆದು, ಹಿಂದಿನಿಂದ ಒಂದು ಗುಟ್ಟಿನ ಕರಾರು ಬರೆಸಿಕೊಳ್ಳುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದೇ ಕಾಯ್ದೆಯ 26ನೇ ಕಲಮು ಅದಕ್ಕೇ ಇರುವುದು: ವಿದೇಶಿಗೆ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಹಕ್ ಮಿಲಿಕ್ ದಾಟಿಸುವ ವ್ಯವಹಾರ ಅಸಿಂಧು, ಜಮೀನು ಸರ್ಕಾರದ ಪಾಲು, ಕೊಟ್ಟ ಹಣ ವಾಪಸು ಕೇಳುವಂತಿಲ್ಲ. ಅಲ್ಲೇ ವಾಸವಿರುವ ವಿದೇಶಿಯರಿಗೆ 'ಹಕ್ ಪಾಕಾಯ್' ಎಂಬ ಬಳಕೆಯ ಹಕ್ಕು ಸಿಗುತ್ತದೆ, ನಿಜ. ಆದರೆ ಆ ದಾರಿಯಲ್ಲಿ ಕೊಳ್ಳುವ ಮನೆಗೆ ಕನಿಷ್ಠ ಬೆಲೆ ನಿಗದಿಯಾಗಿದೆ. ಅದು ನಗರದ ದೊಡ್ಡ ಬಂಗಲೆಗಳ ಬೆಲೆ, ಹಳ್ಳಿಯ ಮನೆ ಅದರ ಹತ್ತಿರಕ್ಕೂ ಬರುವುದಿಲ್ಲ.

ಹೆಂಡತಿ ಅಲ್ಲಿನ ಪ್ರಜೆ ತಾನೇ, ಅವರ ಹೆಸರಿಗೆ ಕೊಂಡರಾಯಿತು ಎನ್ನುತ್ತೀರಿ. ಎಡವುವುದು ಇಲ್ಲೇ. 1974ರ ಮದುವೆ ಕಾಯ್ದೆಯ 35ನೇ ಕಲಮಿನಂತೆ ಮದುವೆಯ ನಂತರ ದುಡಿದು ಕೊಂಡದ್ದೆಲ್ಲ ಗಂಡಹೆಂಡಿರ ಜಂಟಿ ಆಸ್ತಿ. ಜಂಟಿಯಾದರೆ ಅರ್ಧ ನಿಮ್ಮದು, ನೀವು ವಿದೇಶಿ. ಆ ರೀತಿ ಬೆರೆತು ಬಂದ ಹಕ್ಕನ್ನು ಒಂದು ವರ್ಷದೊಳಗೆ ಬಿಟ್ಟುಕೊಡಬೇಕು ಎಂದು ಭೂ ಕಾಯ್ದೆ ಹೇಳುತ್ತದೆ. ಹಾಗಾಗಿ ಕ್ರಯಪತ್ರ ಮಾಡುವ ಅಧಿಕಾರಿ ನಿಮ್ಮ ಮದುವೆಯ ಕಾಗದ ನೋಡಿದ ಕೂಡಲೇ ಆಸ್ತಿ ಬೇರ್ಪಡಿಸಿದ ಒಪ್ಪಂದ ಎಲ್ಲಿ ಎಂದು ಕೇಳುತ್ತಾರೆ. ಹಿಂದೆ ಆ ಒಪ್ಪಂದವನ್ನು ಮದುವೆಗೆ ಮೊದಲೇ ಮಾಡಬೇಕಿತ್ತು. ಸಂವಿಧಾನ ನ್ಯಾಯಾಲಯದ 69/ಪಿಯುಯು-XIII/2015 ತೀರ್ಪಿನಿಂದ ಮದುವೆಯ ನಂತರವೂ ಮಾಡಿಕೊಳ್ಳಬಹುದು. ನೋಟರಿಯ ಮುಂದೆ ಬರೆಸಿ ನಾಗರಿಕ ನೋಂದಣಿ ಕಚೇರಿಯಲ್ಲಿ ದಾಖಲಿಸಬೇಕು, ದಾಖಲಾಗದ ಒಪ್ಪಂದ ಹೊರಗಿನವರ ಮಟ್ಟಿಗೆ ಇಲ್ಲದ್ದಕ್ಕೆ ಸಮ. ನೀವು ಮದುವೆಯಾದದ್ದು ಸಿಂಗಪುರದಲ್ಲಿ. ಆ ಮದುವೆಯನ್ನೇ ಅಲ್ಲಿ ವರದಿ ಮಾಡಿಲ್ಲವಾದರೆ ಮೊದಲು ಅದು. ಕ್ರಮ ತಪ್ಪಬಾರದು: ಮದುವೆ ವರದಿ, ಒಪ್ಪಂದ, ಆಮೇಲೆ ಖರೀದಿ.

ದಾನ ಬೇರೆ ವಿಷಯ. ಅದೇ 35ನೇ ಕಲಮಿನ ಎರಡನೇ ಭಾಗದಂತೆ ಉಡುಗೊರೆಯಾಗಿ, ಪಿತ್ರಾರ್ಜಿತವಾಗಿ ಬಂದದ್ದು ಪಡೆದವರ ಸ್ವಂತದ್ದು, ಜಂಟಿಗೆ ಸೇರುವುದಿಲ್ಲ. ಅತ್ತೆಯವರು ಮಗಳಿಗೆ 'ಹಿಬಾಹ್' ಪತ್ರ ಮಾಡಿಕೊಟ್ಟರೆ ಜಮೀನು ನಿಮ್ಮ ಹೆಂಡತಿಯ ತವರಿನ ಆಸ್ತಿಯಾಗಿಯೇ ಉಳಿಯುತ್ತದೆ, ನೀವು ವಿದೇಶಿ ಎಂಬುದು ಅಡ್ಡ ಬರುವುದಿಲ್ಲ. ಅತ್ತೆಯವರ ಕುಟುಂಬ ಮುಸ್ಲಿಮರಾದರೆ ಒಂದು ಎಚ್ಚರ. ಅಲ್ಲಿನ ಧಾರ್ಮಿಕ ನ್ಯಾಯಾಲಯಗಳು ಅನುಸರಿಸುವ 1991ರ ಇಸ್ಲಾಮಿಕ್ ಕಾನೂನು ಸಂಗ್ರಹದಲ್ಲಿ ದಾನಕ್ಕೆ ಒಟ್ಟು ಆಸ್ತಿಯ ಮೂರನೇ ಒಂದು ಭಾಗದ ಮಿತಿ ಇದೆ. ಹೆತ್ತವರು ಮಕ್ಕಳಿಗೆ ಕೊಟ್ಟ ದಾನವನ್ನು ಮುಂದೆ ಅವರ ಪಾಲಿನಲ್ಲಿ ಹಿಡಿದುಕೊಳ್ಳಬಹುದು ಎಂದೂ ಇದೆ. ಹೆಂಡತಿಯ ಅಣ್ಣತಮ್ಮ, ಅಕ್ಕತಂಗಿಯರ ಒಪ್ಪಿಗೆ ಸಹಿ ಈಗಲೇ ತೆಗೆದುಕೊಳ್ಳಿ. ಕಾನೂನು ಕೇಳುತ್ತದೆ ಎಂದಲ್ಲ, ಇಪ್ಪತ್ತು ವರ್ಷದ ಮೇಲೆ ಅವರ ಮಕ್ಕಳು ಕೇಳುತ್ತಾರೆ ಎಂದು.

ಇನ್ನು ಅಜ್ಜನ ಕಾಗದ. ಲೆಟರ್ ಸಿ ಎಂದರೆ ಹಳ್ಳಿ ಕಚೇರಿಯಲ್ಲಿರುವ ಹಳೆಯ ಕಂದಾಯದ ಪುಸ್ತಕ. ಪುಟದ ತಲೆಯಲ್ಲಿ ಹಿಡುವಳಿದಾರರ ಹೆಸರು ಮತ್ತು ಸಿ ನಂಬರು, ಕೆಳಗೆ ಪರ್ಸಿಲ್ ಎಂಬ ತಾಕಿನ ನಂಬರು, ದರ್ಜೆ, ವಿಸ್ತೀರ್ಣ, ಕಡೆಗೆ ಬದಲಾವಣೆಯ ಕಾರಣ ಮತ್ತು ತಾರೀಖಿನ ಕಾಲಂ. ದರ್ಜೆಯಲ್ಲಿ ಎಸ್ ಎಂದಿದ್ದರೆ ಗದ್ದೆ, ಡಿ ಎಂದಿದ್ದರೆ ಖುಷ್ಕಿ. ಹಿತ್ತಲು ಎಂದು ಹೇಳಿದ ಜಾಗಕ್ಕೆ ಅಲ್ಲಿ ಎಸ್ ಕಂಡರೆ ಮನೆ ಕಟ್ಟುವ ಮೊದಲು ಭೂಬಳಕೆಯ ಪ್ರಶ್ನೆ ಏಳುತ್ತದೆ. ನೋಡಬೇಕಾದದ್ದು ಆ ಕೊನೆಯ ಕಾಲಂ. ಅಜ್ಜ ಬದುಕಿದ್ದಾಗಲೇ ಒಂದು ಭಾಗ ಯಾರಿಗೋ ಹೋಗಿದ್ದರೆ ಅದು ಅಲ್ಲಿ ಒಂದು ಸಾಲಾಗಿ ಇರುತ್ತದೆ. ನಮ್ಮಲ್ಲಿ ಖಾತೆ, ಪಹಣಿ ಇದ್ದ ಮಾತ್ರಕ್ಕೆ ಮಾಲೀಕತ್ವ ಸಿದ್ಧವಾಗುವುದಿಲ್ಲವಲ್ಲ, ಇದೂ ಹಾಗೆಯೇ: ತೆರಿಗೆಯ ಗುರುತು, ಒಡೆತನದ ಪತ್ರ ಅಲ್ಲ. 2021ರ 18ನೇ ಸರ್ಕಾರಿ ನಿಯಮ ಇಂಥ ಹಳೆಯ ಕಾಗದಗಳ ನೋಂದಣಿಗೆ ಐದು ವರ್ಷದ ಗಡುವು ಕೊಟ್ಟಿತು, ಅದು 2026ರ ಫೆಬ್ರವರಿ 2ರವರೆಗೆ. ಗಡುವಿನ ನಂತರ ಲೆಟರ್ ಸಿ, ಗಿರಿಕ್ ಎಂಬ ಹಳೆಯ ಭೂತೆರಿಗೆ ಕಾಗದ ಇವು ಬರೀ ಸುಳಿವಾಗಿ ಉಳಿಯುತ್ತವೆ. ಜಮೀನು ಕೈತಪ್ಪಿತು ಎಂದು ಇದರರ್ಥವಲ್ಲ. ಇಪ್ಪತ್ತು ವರ್ಷ ಅಥವಾ ಹೆಚ್ಚು ಕಾಲ ತಕರಾರಿಲ್ಲದೆ ಅನುಭವದಲ್ಲಿದೆ ಎಂಬುದನ್ನು ಸಾಕ್ಷಿಗಳೊಂದಿಗೆ ತೋರಿಸಿ ನೋಂದಾಯಿಸಬಹುದು. ಅನುಭವದ ಆ ಹೇಳಿಕೆ ಪತ್ರವನ್ನು ಹಳ್ಳಿ ಕಚೇರಿಯಲ್ಲಿ 'ಸ್ಪೊರಾದಿಕ್' ಎಂದೇ ಕೇಳಿದರೆ ಗೊತ್ತಾಗುತ್ತದೆ.

ಕೆಲಸದ ಸರಣಿ ಹೀಗೆ ಸಾಗುತ್ತದೆ. ಅಜ್ಜನ ಮರಣದ ದಾಖಲೆ ಇಟ್ಟು ಎಲ್ಲ ವಾರಸುದಾರರೂ ಸೇರಿ ವಂಶದ ಪತ್ರ ಬರೆಯಬೇಕು. ಇಬ್ಬರು ಸಾಕ್ಷಿ, ಹಳ್ಳಿಯ ಮುಖ್ಯಸ್ಥ 'ಲುರಾಹ್' ಅವರ ಸಹಿ, ಅದರ ಮೇಲೆ ತಾಲ್ಲೂಕಿನಂಥ ಕೆಚಾಮಾತಾನಿನ 'ಚಾಮಾತ್' ಅವರ ದೃಢೀಕರಣ. ಜೊತೆಗೆ ಲೆಟರ್ ಸಿ ನಕಲು, ಜಮೀನಿನ ಪೂರ್ವಾಪರ, ತಕರಾರಿಲ್ಲ ಎಂಬ ಪತ್ರ, ಈ ವರ್ಷದ ತೆರಿಗೆ ಚೀಟಿ. ನಂತರ ನಾಲ್ಕು ಮೂಲೆಗೂ ಕಲ್ಲು ನೆಟ್ಟು, ಸುತ್ತಲಿನವರನ್ನು ಕರೆದು, ಅವರ ಸಹಿ ಪಡೆದು, ಜಿಲ್ಲೆಯ ಭೂ ಕಚೇರಿ ಬಿಪಿಎನ್‌ಗೆ ಅಳತೆಯ ಅರ್ಜಿ. ಪ್ರಮಾಣಪತ್ರ ವಾರಸುದಾರರ ಹೆಸರಿಗೆ ಬಂದ ಮೇಲೆ ಪಿಪಿಎಟಿ, ಅಂದರೆ ಭೂಪತ್ರ ಬರೆಯುವ ಅಧಿಕಾರಿಯ ಮುಂದೆ ಪಾಲುಪತ್ರ ಮಾಡಿ ಅತ್ತೆಯವರ ಭಾಗ ಬಿಡಿಸಬೇಕು. ಅಲ್ಲಿಂದ ಮುಂದೆ ಮಗಳಿಗೆ ಹಿಬಾಹ್. ಪತ್ರ ಸಹಿಯಾದ ಏಳು ಕೆಲಸದ ದಿನದೊಳಗೆ ಪಿಪಿಎಟಿ ಅದನ್ನು ಭೂ ಕಚೇರಿಗೆ ತಲುಪಿಸಬೇಕು.

ಎಲ್ಲಿ ನಿಲ್ಲುತ್ತದೆ ಎಂದರೆ, ಸಹಿಗಳಲ್ಲಿ. ಕೆಬುಮೆನ್ ಕಡೆಯ ಮನೆಗಳಲ್ಲಿ ಮಲೇಷ್ಯಾಕ್ಕೋ ಹಾಂಗ್‌ಕಾಂಗ್‌ಗೋ ದುಡಿಯಲು ಹೋದ ಒಬ್ಬರಾದರೂ ಇರುತ್ತಾರೆ. ಅತ್ತೆಯವರ ಅಣ್ಣತಮ್ಮಂದಿರಲ್ಲಿ ಅಂಥವರಿದ್ದರೆ 'ಫೋನಿನಲ್ಲಿ ಒಪ್ಪಿದ್ದಾನೆ' ಎನ್ನುವುದು ನಡೆಯದು. ಅವರಿರುವ ದೇಶದ ಇಂಡೊನೇಷ್ಯಾ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರಪತ್ರ ಬೇಕು. ನಿಮ್ಮ ಹೆಂಡತಿಯೇ ಭಾರತದಿಂದ ಅಧಿಕಾರಪತ್ರ ಕಳಿಸಬೇಕಾದರೆ ಮುಂಬೈಯ ಕಾನ್ಸುಲೇಟ್ ಅಥವಾ ದೆಹಲಿಯ ರಾಯಭಾರ ಕಚೇರಿ. ಹಳ್ಳಿ ಆ ವರ್ಷದ ಸಾಮೂಹಿಕ ನೋಂದಣಿ ಯೋಜನೆಗೆ, ಪಿಟಿಎಸ್‌ಎಲ್‌ಗೆ ಸೇರಿದೆಯೇ ಎಂದು ಮೊದಲೇ ವಿಚಾರಿಸಿ. ಸೇರಿದ್ದರೆ ಕಲ್ಲು, ಸ್ಟಾಂಪು ಮುಂತಾದ ಪೂರ್ವತಯಾರಿಗೆ ಜಾವಾದಲ್ಲಿ ನಿಗದಿಯಾದ ವೆಚ್ಚ ತಾಕೊಂದಕ್ಕೆ 1,50,000 ರೂಪಿಯಾ (ಇಂಡೊನೇಷ್ಯಾದ ಹಣ, ನಮ್ಮ ರೂಪಾಯಿಯಲ್ಲ) ಅಷ್ಟೇ. ತೆರಿಗೆ ಅದರಲ್ಲಿ ಸೇರುವುದಿಲ್ಲ. ಪ್ರಮಾಣಪತ್ರ ಬಂದು ಐದು ವರ್ಷ ಯಾರೂ ಲಿಖಿತ ತಕರಾರು ಅಥವಾ ದಾವೆ ಹಾಕದಿದ್ದರೆ, ಒಳ್ಳೆಯ ನಂಬಿಕೆಯಿಂದ ಪಡೆದು ಅನುಭವಿಸುತ್ತಿರುವವರ ಮೇಲೆ ಆಮೇಲೆ ಹಕ್ಕು ಸಾಧಿಸಲು ಬರುವುದಿಲ್ಲ.

ಖರ್ಚಿನ ಲೆಕ್ಕ ಒಂದು ಉದಾಹರಣೆಯಲ್ಲಿ. ಜಾಗದ ಮೌಲ್ಯ 30 ಕೋಟಿ ರೂಪಿಯಾ ಎಂದಿಟ್ಟುಕೊಳ್ಳಿ (ರೂಪಿಯಾದಲ್ಲಿ ಕೋಟಿಗೆ ಹೆದರಬೇಡಿ). ಪಡೆಯುವವರ ತೆರಿಗೆ ಬಿಪಿಎಚ್‌ಟಿಬಿ ಗರಿಷ್ಠ ಶೇ. 5, ಆದರೆ ಜಿಲ್ಲೆ ಗೊತ್ತುಪಡಿಸಿದ ವಿನಾಯಿತಿ ಕಳೆದು. ಆ ವಿನಾಯಿತಿ ಕನಿಷ್ಠ 8 ಕೋಟಿ. ಉಳಿದ 22 ಕೋಟಿಗೆ ಶೇ. 5 ಎಂದರೆ 1 ಕೋಟಿ 10 ಲಕ್ಷ ರೂಪಿಯಾ. ಕ್ರಯವಾದರೆ ಮಾರುವವರು ಶೇ. 2.5ರ ಆದಾಯ ತೆರಿಗೆ ಕಟ್ಟಬೇಕು. ತಾಯಿಯಿಂದ ಮಗಳಿಗೆ ದಾನವಾದರೆ ತೆರಿಗೆ ಕಚೇರಿಯಿಂದ ವಿನಾಯಿತಿ ಪತ್ರ ತಂದು ಅದನ್ನು ಉಳಿಸಬಹುದು. ಆ ಪತ್ರ ತರಲು ಮರೆತು ಸುಮ್ಮನೆ ಕಟ್ಟಿ ಬರುವವರು ಬಹಳ. ಪಿಪಿಎಟಿ ಶುಲ್ಕ ಮೌಲ್ಯದ ಶೇ. 1 ಮೀರುವಂತಿಲ್ಲ.

ಗದ್ದೆ ಏಕೆ ಬೇಡ? ಕೃಷಿ ಭೂಮಿಯ ಮಾಲೀಕ ಅದೇ ಕೆಚಾಮಾತಾನಿನಲ್ಲಿ, ಹೆಚ್ಚೆಂದರೆ ಪಕ್ಕದ್ದರಲ್ಲಿ ವಾಸವಿರಬೇಕು ಎಂಬ ನಿಯಮ 1961ರಿಂದ ಇದೆ. ಬೆಂಗಳೂರಿನಲ್ಲಿ ಸಂಸಾರ ಮಾಡುತ್ತಿರುವ ನಿಮ್ಮ ಹೆಂಡತಿಯ ಗುರುತಿನ ಚೀಟಿಯಲ್ಲಿ ಹಳ್ಳಿಯ ವಿಳಾಸವಿದ್ದರೂ ಬುಡ ಸಡಿಲ. ಎರಡನೆಯದು, ಆ ಗದ್ದೆ ಮಾರುವವರ ಕೈಯಲ್ಲೇ ಇದೆಯೇ? ಜಾವಾದ ಹಳ್ಳಿಗಳಲ್ಲಿ ಗದ್ದೆಯನ್ನು ಭೋಗ್ಯಕ್ಕೆ ಹಾಕುವುದು ರೂಢಿ. ಹಣ ತಿರುಗಿ ಕೊಡುವವರೆಗೂ ಸಾಲ ಕೊಟ್ಟವರೇ ಉಳುತ್ತಾರೆ. 1960ರ 56ನೇ ಕಾಯ್ದೆಯ ಪ್ರಕಾರ ಏಳು ವರ್ಷ ತುಂಬಿದ ಭೋಗ್ಯವನ್ನು ಹಣ ಕೇಳದೆ, ಕೊಯ್ಲಾದ ಒಂದು ತಿಂಗಳಲ್ಲಿ ಬಿಟ್ಟುಕೊಡಬೇಕು. ಊರಲ್ಲಿ ಇದನ್ನು ಎತ್ತಿ ಆಡುವವರು ಕಡಿಮೆ. ಕೊಳ್ಳಲು ಹೋದವರು ಮಾಲೀಕರಿಗೂ ಉಳುವವರಿಗೂ ಎರಡು ಸಲ ಹಣ ಕೊಟ್ಟು ಬರುತ್ತಾರೆ. ಮೂರನೆಯದು, ಅದು 'ಬೆಂಗ್ಕೊಕ್' ಇರಬಾರದು. ಹಳ್ಳಿಯ ಅಧಿಕಾರಿಗಳಿಗೆ ಸಂಬಳದ ಬದಲು ಬಿಟ್ಟ ಭೂಮಿ ಅದು, ನಮ್ಮ ಹಳೆಯ ಉಂಬಳಿಯ ಹಾಗೆ. ಮಾರುವ ಅಧಿಕಾರ ಯಾರಿಗೂ ಇಲ್ಲ. ಇಷ್ಟೆಲ್ಲ ದಾಟಿ ಕೊಂಡರೂ ಅಲ್ಲಿ ಮನೆ ಕಟ್ಟುವ ಆಸೆ ಇಟ್ಟುಕೊಳ್ಳಬೇಡಿ. 2009ರ 41ನೇ ಕಾಯ್ದೆಯಡಿ ರಕ್ಷಿತ ಕೃಷಿಭೂಮಿ ಎಂದು ಗುರುತಾದ ಗದ್ದೆಯಲ್ಲಿ ಅದಕ್ಕೆ ತಡೆ ಇದೆ. ಅನ್ನಕ್ಕೆ ಸ್ವಂತ ಭತ್ತ ಬೇಕೆನಿಸಿದರೆ ಅತ್ತೆಯವರ ಗದ್ದೆಯನ್ನೇ 'ಮಾರೊ'ಗೆ, ಅಂದರೆ ಅರ್ಧ ಪಾಲಿಗೆ ಕೊಟ್ಟಿರಲಿ.

ಮಕ್ಕಳ ವಿಷಯ ನೀವು ಕೇಳಿಲ್ಲ, ಆದರೆ ಈ ಜಾಗದ ಭವಿಷ್ಯ ಅದರ ಮೇಲೇ ನಿಂತಿದೆ. ನಾಳೆ ಹೆಂಡತಿಗೆ ಏನಾದರೂ ಆದರೆ ನಿಮ್ಮ ಪಾಲಿಗೆ ಬಂದದ್ದನ್ನು ಒಂದು ವರ್ಷದಲ್ಲಿ ದಾಟಿಸಬೇಕು. ಇಂಡೊನೇಷ್ಯಾ ಪ್ರಜೆಯಾದ ಮಗು ಇದ್ದರೆ ಅದರ ಹೆಸರಿಗೆ ಹೋಗಬಹುದು. ಅಲ್ಲಿನ 2006ರ ಪೌರತ್ವ ಕಾಯ್ದೆ ಮಿಶ್ರ ಮದುವೆಯ ಮಕ್ಕಳಿಗೆ 18ರವರೆಗೆ ಎರಡು ಪೌರತ್ವ ಒಪ್ಪುತ್ತದೆ, ಆಯ್ದುಕೊಳ್ಳಲು ಇನ್ನೂ ಮೂರು ವರ್ಷ ಕೊಡುತ್ತದೆ. ಭಾರತ ಒಪ್ಪುವುದಿಲ್ಲ. ಮಗುವಿಗೆ ಇಂಡೊನೇಷ್ಯಾ ಪಾಸ್‌ಪೋರ್ಟ್, ಭಾರತದ ಕಡೆಗೆ ಒಸಿಐ, ಅಂದರೆ ಸಾಗರೋತ್ತರ ಭಾರತೀಯರ ಚೀಟಿ ಎಂಬ ಜೋಡಣೆ ನಿಮ್ಮಂಥವರಿಗೆ ಸರಿಹೊಂದುತ್ತದೆ, ತಂದೆತಾಯಿಯಲ್ಲಿ ಒಬ್ಬರು ಭಾರತೀಯರಾದರೂ ಅಪ್ರಾಪ್ತ ಮಗುವಿಗೆ ಒಸಿಐ ಸಿಗುತ್ತದೆ. ಮನೆ ಕಟ್ಟಲು ಹಣ ಕಳಿಸುವುದು ವಿದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯ ದಾರಿಯಲ್ಲಿ, ಹಣಕಾಸು ವರ್ಷಕ್ಕೆ ತಲಾ 2,50,000 ಡಾಲರ್ ಮಿತಿ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಬ್ಯಾಂಕು ಶೇ. 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ ಹಿಡಿಯುತ್ತದೆ. ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಅಷ್ಟು ತಿಂಗಳು ಆ ದುಡ್ಡು ಕೈಯಲ್ಲಿರುವುದಿಲ್ಲ. ಮೇಸ್ತ್ರಿಗೆ ಕಂತು ಹೇಳುವಾಗ ಇದು ನೆನಪಿರಲಿ.

ಮನೆಯ ಮಾತಿಗೆ ಬಂದರೆ, ಹಣ ಉಳಿಸಲು ಹೋಗಬಾರದ ಜಾಗ ಒಂದೇ: ಕಬ್ಬಿಣ. 2006ರ ಮೇ 27ರ ಬೆಳಗ್ಗೆ ಯೋಗ್ಯಕರ್ತದ ಬಾಂತುಲ್ ಕಡೆ ಆದ ಭೂಕಂಪದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಕಂಬವಿಲ್ಲದ ಬರೀ ಇಟ್ಟಿಗೆ ಗೋಡೆ ಮೈಮೇಲೆ ಬಿದ್ದು. ಕೆಬುಮೆನ್ ಕೂಡ ಅದೇ ದಕ್ಷಿಣ ಕರಾವಳಿ. ತಳದಲ್ಲಿ 15×20 ಸೆಂಟಿಮೀಟರಿನ ಬೀಮು, ಪ್ರತಿ ಮೂರು ಮೀಟರಿಗೆ 15×15ರ ಕಂಬ, ಗೋಡೆಯ ತಲೆಯ ಮೇಲೆ ಸುತ್ತುಬೀಮು. ಉದ್ದದ ಕಂಬಿ ಕನಿಷ್ಠ 10 ಮಿಲಿಮೀಟರ್, ಉಂಗುರ 8 ಮಿಲಿಮೀಟರ್, 15 ಸೆಂಟಿಮೀಟರಿಗೊಂದು. ಕಂಬದಿಂದ ಗೋಡೆಯೊಳಕ್ಕೆ 40 ಸೆಂಟಿಮೀಟರ್ ಚಾಚುವ ಕೊಕ್ಕೆಯನ್ನು ಆರು ವರಸೆ ಇಟ್ಟಿಗೆಗೊಮ್ಮೆ ಇಡಿಸಿ. ಊರಿನ ಗಾರೆಯವರು ಮೊದಲು ಬಿಡುವುದೇ ಈ ಕೊಕ್ಕೆಗಳನ್ನು, ಪ್ಲಾಸ್ಟರ್ ಆದ ಮೇಲೆ ಯಾರಿಗೂ ಕಾಣುವುದಿಲ್ಲ ನೋಡಿ. ಹೆಂಚು ಅಲ್ಲಿಯದೇ ಒಳ್ಳೆಯದು, ಕೆಬುಮೆನ್‌ನ ಸೊಕ್ಕಾ ಹೆಂಚಿಗೆ ಆ ನಾಡಿನಲ್ಲಿ ನಮ್ಮ ಮಂಗಳೂರು ಹೆಂಚಿನಷ್ಟು ಹೆಸರು. ಬಾವಿಗೂ ಶೌಚಗುಂಡಿಗೂ ಹತ್ತು ಮೀಟರ್ ಅಂತರ, ನೆರೆಮನೆಯ ಗುಂಡಿಯನ್ನೂ ಲೆಕ್ಕಕ್ಕೆ ಹಿಡಿದು. ಕಟ್ಟಡದ ಅನುಮತಿಗೆ ಈಗ ಪಿಬಿಜಿ ಎನ್ನುತ್ತಾರೆ, ಹಳೆಯ ಐಎಂಬಿ 2021ಕ್ಕೆ ಮುಗಿಯಿತು. ಕೆಲಸವನ್ನು ಮಳೆ ನಿಂತ ಮೇಲೆ, ಮೇ ತಿಂಗಳಿಂದ ಅಕ್ಟೋಬರಿನೊಳಗೆ ಹಿಡಿಸಿ. ಆದರೆ ಜಾವಾದ 'ಸುರೊ' ತಿಂಗಳಲ್ಲಿ, ಅಂದರೆ ಮೊಹರಂ ತಿಂಗಳಲ್ಲಿ, ಪಾಯ ಹಾಕಲು ಹಿರಿಯರು ಒಪ್ಪುವುದಿಲ್ಲ. ನಮ್ಮ ಆಷಾಢದ ಹಾಗೆ ಎಂದುಕೊಂಡರೆ ವಾದ ಮಾಡುವ ಮನಸ್ಸೇ ಬರುವುದಿಲ್ಲ.

ವಿದ್ಯುತ್ತಿನಲ್ಲಿ ನಮ್ಮವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಹಳ್ಳಿ ಮನೆಯ ಸಂಪರ್ಕ ಸಾಮಾನ್ಯವಾಗಿ 450 ಅಥವಾ 900 ವಿಎ (ವೋಲ್ಟ್-ಆಂಪಿಯರ್). 900 ಎಂದರೆ ನಾಲ್ಕು ಆಂಪಿಯರಿನ ಎಂಸಿಬಿ, ಅಂದರೆ ಹೊರೆ ಮೀರಿದರೆ ತಾನೇ ಬೀಳುವ ಸ್ವಿಚ್ಚು. 400 ವಾಟಿನ ರೈಸ್ ಕುಕ್ಕರ್ ಬೇಯುತ್ತಿರುವಾಗ ಬಾವಿಯ ಪಂಪು ತಾನಾಗಿ ಎದ್ದರೆ, ಆ ಮೊದಲ ಕ್ಷಣದ ಎಳೆತಕ್ಕೆ ಮನೆಯೆಲ್ಲ ಕತ್ತಲು. ಆ ಸದ್ದಿಗೇ ಅವರು 'ಜೆಗ್ಲೆಕ್' ಎಂದು ಹೆಸರಿಟ್ಟಿದ್ದಾರೆ. ಬೆಂಗಳೂರಿನಿಂದ 750 ವಾಟಿನ ಮಿಕ್ಸಿ ಒಯ್ದರಂತೂ ಚಟ್ನಿಗೆ ಒಮ್ಮೆ ಜೆಗ್ಲೆಕ್ ಖಾತ್ರಿ. ಹೊಸ ಮನೆಗೆ ಕನಿಷ್ಠ 1,300 ವಿಎ, ಆರು ಆಂಪಿಯರ್, ತೆಗೆದುಕೊಳ್ಳಿ. ಸಬ್ಸಿಡಿ ದರ ಇರುವುದಿಲ್ಲ ಅಷ್ಟೇ. ಮೀಟರು ಮುಂಗಡದ್ದಾದರೆ ಅಂಗಡಿಯಲ್ಲೋ ಫೋನಿನಲ್ಲೋ ಕೊಂಡ 20 ಅಂಕಿಯ ಟೋಕನ್ ಒತ್ತಬೇಕು, ಮುಗಿಯುತ್ತ ಬಂದಾಗ ಅದು ರಾತ್ರಿಯೆಲ್ಲ ಕೂಗುತ್ತದೆ. ವೋಲ್ಟೇಜು ನಮ್ಮದೇ, ಪ್ಲಗ್ಗು ಮಾತ್ರ ಎರಡು ದುಂಡು ಕಡ್ಡಿಯದು. ನಮ್ಮ ಮೂರು ಪಿನ್ನಿನದು ಒಳಗೆ ಹೋಗದು.

ಅಪ್ಪ ಅಮ್ಮನಿಗೆ ವೀಸಾ ಸುಲಭ. ಭಾರತೀಯರಿಗೆ ಆಗಮನ ವೀಸಾ ಇದೆ, 5,00,000 ರೂಪಿಯಾ, 30 ದಿನ, ಒಮ್ಮೆ ಇನ್ನೊಂದು 30 ದಿನಕ್ಕೆ ವಿಸ್ತರಣೆ. ಅರವತ್ತು ದಿನಕ್ಕಿಂತ ಹೆಚ್ಚು ಇಲ್ಲ. ದಿನ ಮೀರಿದರೆ ದಿನಕ್ಕೆ ತಲಾ 10,00,000 ರೂಪಿಯಾ ದಂಡ. ನೀವು ಪದೇಪದೇ ಹೋಗುವವರಾದರೆ ಪತ್ನಿಯ ಪ್ರಾಯೋಜಕತ್ವದ ವಾಸ ಪರವಾನಗಿ ಮಾಡಿಸಿಕೊಳ್ಳುವುದೇ ವಾಸಿ.

ದಾರಿ ಎರಡು. ಜಕಾರ್ತಕ್ಕೆ ಇಳಿದರೆ ಗಾಂಬಿರ್ ಅಥವಾ ಪಾಸಾರ್ ಸೆನೆನ್ ನಿಲ್ದಾಣದಿಂದ ದಕ್ಷಿಣದ ರೈಲು ಚಿರೆಬೊನ್, ಪುರ್ವೊಕೆರ್ತೊ ಮೇಲೆ ಕೆಬುಮೆನ್‌ಗೋ ಕುತೊಆರ್ಜೊಗೋ ಬಿಡುತ್ತದೆ. ಟಿಕೆಟಿನ ಹೆಸರು ಪಾಸ್‌ಪೋರ್ಟಿನಂತೆಯೇ ಇರಬೇಕು, ಅಪ್ಪನ ಇನಿಷಿಯಲ್ ಒಂದು ಕಡೆ ಬಿಡಿಸಿ ಇನ್ನೊಂದು ಕಡೆ ಮೊಟಕಾಗಿದ್ದರೆ ಬಾಗಿಲಲ್ಲೇ ಪೇಚು. ಸಾಮಾನು ತಲಾ 20 ಕಿಲೊ, 70×48×30 ಸೆಂಟಿಮೀಟರ್ ಮೀರಬಾರದು. ವಿಮಾನದ ದೊಡ್ಡ ಸೂಟ್‌ಕೇಸ್ ಇದರಲ್ಲಿ ಹಿಡಿಯುವುದಿಲ್ಲ. ವಯಸ್ಸಾದವರಿಗೆ ಹಿತವಾದದ್ದು ಕುಲೊನ್ ಪ್ರೊಗೊದಲ್ಲಿರುವ ಯೋಗ್ಯಕರ್ತ ವಿಮಾನ ನಿಲ್ದಾಣ, ಅದು ಕೆಬುಮೆನ್‌ಗೆ ಯೋಗ್ಯಕರ್ತ ನಗರಕ್ಕಿಂತ ಹತ್ತಿರ. ಅಲ್ಲಿಂದ ಕಾರು ಗೊತ್ತುಮಾಡಿ. ಅಲ್ಲಿಯ ಜನ 'ಟ್ರಾವೆಲ್' ಎಂದರೆ ಏಜೆನ್ಸಿಯಲ್ಲ, ಮನೆಬಾಗಿಲಿನಿಂದ ಮನೆಬಾಗಿಲಿಗೆ ಜನ ತುಂಬಿಸಿಕೊಂಡು ಹೋಗುವ ವ್ಯಾನು. ಅಗ್ಗ, ಆದರೆ ಊರೂರು ಸುತ್ತಿಸುತ್ತದೆ. ಈದ್ ಆಸುಪಾಸಿನ ಎರಡು ವಾರ ಜಾವಾದಲ್ಲಿ ಎಲ್ಲರೂ ಊರಿಗೆ ಹೊರಟಿರುತ್ತಾರೆ, ಆಗ ಬೇಡವೇ ಬೇಡ. ಹಳ್ಳಿಯ ಸಂತೆ ವಾರದ ಲೆಕ್ಕದ್ದಲ್ಲ. ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್ ಎಂಬ ಐದು ದಿನದ ಸುತ್ತಿನದು. ನಿಮ್ಮೂರ ಸಂತೆ ಯಾವ ದಿನ ಎಂದು ಅತ್ತೆಯವರನ್ನು ಕೇಳಿಟ್ಟುಕೊಳ್ಳಿ, ತಾಜಾ ತರಕಾರಿಯೂ ಬಾಡಿಗೆ ಗಾಡಿಯೂ ಸಿಗುವುದು ಅಂದು.

ಮನೆಯವರು ಸಸ್ಯಾಹಾರಿಗಳಾದರೆ 'ಮಾಂಸ ಬೇಡ' ಎಂದರೆ ಸಾಲದು. ಸಾಂಬಾಲ್ ಚಟ್ನಿಯಲ್ಲಿ 'ತೆರಾಸಿ' ಎಂಬ ಸಿಗಡಿ ಮುದ್ದೆ ಇರುತ್ತದೆ, ಸೊಪ್ಪಿನ ಸಾರಿಗೂ 'ಎಬಿ' ಎಂಬ ಒಣಸಿಗಡಿ ಬೀಳುತ್ತದೆ. 'ತನ್ಪಾ ತೆರಾಸಿ, ತನ್ಪಾ ಎಬಿ' ಎಂದು ಹೆಂಡತಿಯಿಂದ ಮೊದಲೇ ಹೇಳಿಸಿ. ತೆಂಪೆ (ಹುದುಗಿಸಿದ ಸೋಯಾ), ತಾಹು (ತೋಫು), ಆ ಕಡೆಯ ಮೆಂದೊಆನ್ (ಹಿಟ್ಟಿನಲ್ಲಿ ಅದ್ದಿ ಕರಿದ ತೆಂಪೆ) ಇದ್ದರೆ ಊಟ ಸಾಗುತ್ತದೆ.

ತಲುಪಿದ ದಿನವೇ, ತಡವೆಂದರೆ ಮರುದಿನ, ಕೇರಿಯ ಮುಖ್ಯಸ್ಥ ಪಾಕ್ ಆರ್‌ಟಿ ಅವರ ಮನೆಗೆ ಎಲ್ಲರ ಪಾಸ್‌ಪೋರ್ಟ್ ನಕಲು ಹಿಡಿದು ಹೋಗಿ. ಅತಿಥಿಗಳು 24 ಗಂಟೆಯೊಳಗೆ ವರದಿ ಮಾಡಬೇಕು ಎಂಬ ಫಲಕ ಕೇರಿಯ ಬಾಯಲ್ಲೇ ಇರುತ್ತದೆ. ಬಾಗಿಲು ತೆರೆದಿದ್ದರೂ ಹೊರಗೇ ನಿಂತು 'ಕುಲೊ ನುವುನ್' ಎನ್ನಿ, ಒಳಗಿಂದ 'ಮೊಂಗ್ಗೊ' ಎಂದ ಮೇಲೆ ಚಪ್ಪಲಿ ಬಿಟ್ಟು ಕಾಲಿಡಿ. ರಾತ್ರಿ ಗಸ್ತಿನವರು ಪ್ರತಿ ಮನೆ ಮುಂದಿನ ಪುಟ್ಟ ಡಬ್ಬಿಯಿಂದ ಒಂದು ಹಿಡಿ ಅಕ್ಕಿಯನ್ನೋ ಚಿಲ್ಲರೆಯನ್ನೋ ಎತ್ತಿಕೊಂಡು ಹೋಗುತ್ತಾರೆ. ಅದಕ್ಕೆ 'ಜಿಂಪಿತಾನ್' ಎನ್ನುತ್ತಾರೆ. ಹೊಸ ಮನೆಗೆ ಬಣ್ಣ ಬಳಿಯುವ ಮೊದಲೇ ಆ ಡಬ್ಬಿ ತೂಗುಹಾಕಿ. ಮುಂದೆ ಅಳತೆಯ ದಿನ ನಿಮ್ಮ ಮೂಲೆಗಲ್ಲಿನ ಪಕ್ಕ ನಿಂತು ಸಹಿ ಹಾಕಬೇಕಾದವರೂ ಇದೇ ಕೇರಿಯವರು.